ಸೊಂಡಿಲು ತಿರುಗಿದ ಕಡೆ

ಮಾವ ತೌನೊ ಊರುಗೋಲಿನ ತುದಿಯಿಂದ ಪೈಪನ್ನು ಮೆಲ್ಲಗೆ ಎತ್ತಿ ನೋಡಿದರು. ಟ್ರ್ಯಾಕ್ಟರಿನ ಹಿಂಬದಿಗೆ ಕಟ್ಟಿದ್ದ ಹಿಮ ಎಸೆಯುವ ಯಂತ್ರಕ್ಕೆ ಸೊಸೆ ಇರ್ಮೆಲಿ ಆ ಬೆಳಿಗ್ಗೆ, ಕುಹ್ಮೊ ಪೇಟೆಯಿಂದ ತಂದ ಹೊಸ ಹೈಡ್ರಾಲಿಕ್ ಪೈಪುಗಳನ್ನು ಹಾಕಿದ್ದಳು. ಹಿಮ ಉಗುಳುವ ಸೊಂಡಿಲನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು ಆ ಎರಡು ಪೈಪುಗಳಲ್ಲಿ ಹರಿಯುವ ಎಣ್ಣೆ.

"ಯಂತ್ರ ಮೇಲೆತ್ತಿ ಅಳತೆ ತಗೊಂಡ್ಯೋ, ನೆಲಕ್ಕಿಟ್ಟು ತಗೊಂಡ್ಯೋ?"

"ಎರಡೂ ಮಾಡ್ದೆ ಮಾವ. ಪೂರ್ತಿ ಎತ್ತಿದ್ರೂ ಬಿಗಿಯಾಗಲ್ಲ, ಇಳಿಸಿದ್ರೂ ತಿರುಗೋ ಶಾಫ್ಟಿಗೆ ತಾಗಲ್ಲ."

"ಇಲ್ಲಿ ಕಬ್ಬಿಣಕ್ಕೆ ಉಜ್ಜುತ್ತಲ್ಲ?"

"ಅಲ್ಲಿ ಹಳೇ ಫೈರ್ ಇಂಜಿನ್ ಪೈಪಿನ ತುಂಡು ಸುತ್ತಿದೀನಿ."

"ಅದೆಲ್ಲಿ ಸಿಕ್ತು ನಿಂಗೆ?"

"ಅದೊಂದು ಕೇಳ್ಬೇಡಿ."

ತೌನೊ 'ಹೂಂ' ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆಯೇ. ಆದರೂ ಇರ್ಮೆಲಿಯ ಮನಸ್ಸು ಹಗುರಾಗಲಿಲ್ಲ. ಒಂದು ಮಾತನ್ನು ಅವಳು ಹೇಳದೆ ಉಳಿಸಿಕೊಂಡಿದ್ದಳು.

ಯಂತ್ರ ಹಿಂದೆ ಇರುವುದರಿಂದ ಹಿಮ ತೆಗೆಯುವಾಗ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸಬೇಕು, ಕತ್ತು ಹೊರಳಿಸಿ ಹಿಂದಕ್ಕೇ ನೋಡುತ್ತ ಕೂರಬೇಕು. ಹಾಗೆ ಕೂತವರಿಗೆ ಯಾವುದು ಎಡ, ಯಾವುದು ಬಲ ಎನ್ನುವುದು ಆ ಊರಲ್ಲಿ ಮನೆಮನೆಗೂ ಬೇರೆ. ಯಾರ ಕೈಗೆ ಹೇಗೆ ಒಗ್ಗುತ್ತದೋ ಹಾಗೆ ಪೈಪು ಸಿಕ್ಕಿಸಿಕೊಳ್ಳುತ್ತಾರೆ. ಕಳೆದ ಚಳಿಗಾಲ ಮಾವನ ಮಂಡಿಗೆ ಆಪರೇಷನ್ ಆದಾಗ ಇರ್ಮೆಲಿ ಕೆಲವು ದಿನ ಹಿಮ ತೆಗೆದು ಊರಿನ ರಸ್ತೆ ಬಿಡಿಸಿದ್ದಳು. ಲಿವರ್ ಎಳೆದಾಗಲೆಲ್ಲ ಸೊಂಡಿಲು ಅವಳು ಎಣಿಸಿದ್ದಕ್ಕೆ ಎದುರು ದಿಕ್ಕಿಗೆ ತಿರುಗಿ, ನೆರೆಯವರು ಗುಡಿಸಿಟ್ಟ ಮೆಟ್ಟಿಲ ಮೇಲೆಲ್ಲ ಹಿಮದ ರಾಶಿ. ಅದಕ್ಕೇ ಇವತ್ತು ಎರಡು ಪೈಪುಗಳನ್ನೂ ಅದಲುಬದಲು ಮಾಡಿ ಸಿಕ್ಕಿಸಿದ್ದಳು. ಆದರೆ ಈ ಸಲ ರಸ್ತೆ ಬಿಡಿಸುವವರು ಯಾರೆಂದು ಮನೆಯಲ್ಲಿ ಇನ್ನೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ಕೆಲಸ ಅವಳಿಗೆ ಬೇಕಾಗಿತ್ತು, ಕೇಳುವ ಧೈರ್ಯ ಇರಲಿಲ್ಲ. ಕೇಳದೆಯೇ ಮಾವನನ್ನು ಸೀಟಿನಿಂದ ಇಳಿಸಿದ ಹಾಗಾಯಿತಲ್ಲ ಎಂದು ಅವಳಿಗೆ ಈಗ ಹೊಳೆಯಿತು.

"ಮಾವ, ಒಂದು ವಿಷಯ..."

ಅಷ್ಟರಲ್ಲಿ ತೌನೊ ಕೋಲನ್ನು ಅವಳ ಕೈಗೆ ಕೊಟ್ಟು ಮೇಲೆ ಹತ್ತಿ ಕೂತಾಗಿತ್ತು. ಇಂಜಿನ್ ಗುಡುಗಿತು. ಹಿಂದಿನ ರಾತ್ರಿ ಬಿದ್ದ ಮೊದಲ ಹಿಮದೊಳಕ್ಕೆ ಟ್ರ್ಯಾಕ್ಟರು ಹಿಂದೆ ಸರಿಯಿತು. ಕಾಡಿನ ಕಡೆಗೆ ಎಸೆಯಲೆಂದು ಅವರು ಲಿವರ್ ಎಳೆದರು. ಸೊಂಡಿಲು ಠೀವಿಯಿಂದ ಮನೆಯ ಕಡೆಗೆ ಹೊರಳಿತು. ಅತ್ತೆ ಸಿಲ್ವಿ ಪಕ್ಕದ ಸೌನಾ ಎಂಬ ಹಬೆಸ್ನಾನದ ಮನೆಯ ಕಂಬಿಯ ಮೇಲೆ ಹರವಿದ್ದ ಜಮಖಾನೆಗಳ ಮೇಲೆ ಬುಸ್ಸೆಂದು ಹಿಮ ಸುರಿಯಿತು.

ಸಿಲ್ವಿ ಜಮಖಾನೆಯ ಧೂಳು ಕೊಡವುವ ಬಡಿಗೆ ಹಿಡಿದು ಹೊರಗೆ ಬಂದರು. "ನಿಲ್ಲಿಸ್ಬೇಡಿ, ಆ ಮೂಲೆ ಬಾಕಿ ಇದೆ. ಕೊಳೆ ಹೋಗೋಕೆ ಹೆಂಗೂ ಹಿಮ ಹಾಕಿ ತಿಕ್ಕಬೇಕು ಅಂತಿದ್ದೆ. ಮದುವೆಯಾದ ಮೇಲೆ ಇವತ್ತೇ ನೀವು ನನ್ನ ಕೆಲಸಕ್ಕೆ ಕೈ ಹಾಕಿದ್ದು."

ತೌನೊ ಇಂಜಿನ್ ನಿಲ್ಲಿಸಿದರು. ಲಿವರ್ ಎಳೆದ ತಮ್ಮ ಕೈಯನ್ನೊಮ್ಮೆ, ಸೊಂಡಿಲನ್ನೊಮ್ಮೆ ನೋಡಿದರು.

"ಬೇಕಂತಲೇ ಬದಲಾಯಿಸಿದ್ಯಾ?"

"ಹೂಂ ಮಾವ. ಮೊದಲೇ ಹೇಳ್ಬೇಕಿತ್ತು. ಈಗಲೇ ಹಳೇ ಥರ ಸಿಕ್ಕಿಸಿಬಿಡ್ತೀನಿ." ಅವಳು ಆಗಲೇ ಪೈಪಿಗೆ ಕೈ ಹಾಕಿ ಬಗ್ಗಿದ್ದಳು.

"ಮುಟ್ಟಬೇಡ." ದನಿ ಗಡುಸಾಗಿರಲಿಲ್ಲ. "ನಮ್ಮಪ್ಪನ ಟ್ರ್ಯಾಕ್ಟರಿನ ಪೈಪು ನಾನು ಹಿಂಗೇ ಬದಲಾಯಿಸಿದಾಗ ಅವರು ಒಂದು ವಾರ ನನ್ನ ಹತ್ರ ಮಾತು ಬಿಟ್ಟಿದ್ರು."

"ನೀವೇನು ಮಾಡಿದ್ರಿ?"

"ರಸ್ತೆ ಬಿಡಿಸ್ದೆ."

ಇರ್ಮೆಲಿ ನೆಟ್ಟಗಾದಳು. "ಹಂಗಾದ್ರೆ ನೀವೂ ಒಂದು ವಾರ ಮಾತು ಬಿಡ್ತೀರಾ?"

"ಒಳಗೆ ಏಲಕ್ಕಿ ಬನ್ನು ಬೇಯ್ತಾ ಇದೆ. ಮಾತು ಬಿಟ್ರೆ ಎರಡನೇ ಬನ್ನು ಕೇಳೋದು ಹೆಂಗೆ?"

ತೌನೊ ಹಿಡಿಕೆ ಹಿಡಿದು ನಿಧಾನವಾಗಿ ಕೆಳಗಿಳಿದರು. ಇರ್ಮೆಲಿ ಟ್ರ್ಯಾಕ್ಟರಿನ ಬಾಗಿಲು ಹಾಕಲು ಹೋದಾಗ ತಡೆದರು. ಮತ್ತೆ ಒಳಗೆ ಬಗ್ಗಿ ಸೀಟಿನ ಅಡಿಯ ಕೊಂಡಿ ಎತ್ತಿದರು. ತಮ್ಮ ಉದ್ದ ಕಾಲಿನ ಅಳತೆಗೆ ತುಕ್ಕು ಹಿಡಿದು ನಿಂತಿದ್ದ ಸೀಟು ಮೊದಲು ಜಗ್ಗಲಿಲ್ಲ. ಭುಜ ಕೊಟ್ಟು ದೂಡಿದರು. ಅದು ಕಿರ್ರೆಂದು, ಇರ್ಮೆಲಿಯ ಕಾಲು ಪೆಡಲಿಗೆ ಎಟುಕುವಷ್ಟು ಮುಂದಕ್ಕೆ ಸರಿಯಿತು.