ಹಿಂದೆ ಹಾಡುವವಳು

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು; ಹೊತ್ತು ನಡುಮಧ್ಯಾಹ್ನ. ಸ್ಟುಡಿಯೋದ ಗಾಜಿನ ಆಚೆ ಅಕ್ಕ ಹಾಡುತ್ತಿದ್ದಳು. ರೆಕಾರ್ಡಿಂಗ್ ಮುಗಿಯುವ ತನಕ ಫ್ಯಾನು ಹಾಕುವ ಹಾಗಿರಲಿಲ್ಲ. ಈಚೆ ಬೆಂಚಿನ ಮೇಲೆ ತಂಗಿ ಕರವಸ್ತ್ರದಲ್ಲಿ ಗಾಳಿ ಬೀಸಿಕೊಳ್ಳುತ್ತ ತನ್ನ ಸರದಿಗೆ ಕಾದಿದ್ದಳು. ಮದುವೆಗೆ ಮುಂಚಿನಿಂದಲೂ ಇವರದು ಒಂದೇ ಪದ್ಧತಿ: ಅಕ್ಕ ಸಾಲು ಹಾಡುತ್ತಾಳೆ, ತಂಗಿ ಅದರ ಬಾಲ ಹಿಡಿದು ಮತ್ತೆ ಹಾಡುತ್ತಾಳೆ.

ಅಕ್ಕ ಸಾಲಿನ ಕೊನೆಯನ್ನು ಮನಸ್ಸಿಗೆ ಬಂದಷ್ಟು ಎಳೆಯುವವಳು. ಇವತ್ತು ಇಷ್ಟು, ನಾಳೆ ಅಷ್ಟು. ತಂಗಿ ಉಸಿರು ಬಿಗಿಹಿಡಿದು ಅವಳ ಗದ್ದವನ್ನೇ ನೋಡುತ್ತಿರಬೇಕು. ಗದ್ದ ಇಳಿದರೆ ಸಾಲು ಮುಗಿಯಿತು. “ಸ್ವಲ್ಪ ಬೇಗ ಬಿಡೇ ಅಕ್ಕಾ, ಪ್ರಾಣ ಹೋಗುತ್ತೆ” ಎಂದು ಎಷ್ಟೋ ಸಲ ಬೇಡಿದ್ದಳು. “ಹಾಡೋಳು ನಾನು. ಕಾಯೋದು ನಿನ್ನ ಕೆಲಸ.” ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅಕ್ಕ ಹಾಡಿ ಮುಗಿಸಿದ ಮೇಲೆ, ಈಚೆ ಕೂತಿದ್ದ ಮಿಕ್ಸಿಂಗ್ ಮಾಡುವವನು ಹಾಡನ್ನು ಮೊದಲಿನಿಂದ ಕೇಳಿಸಿದ. “ತಂಗಿಯವರು ಹಾಡೋ ತನಕ ಜಾಗ ಖಾಲಿ ಇರಬಾರದು ಅಂತ ಡಿಲೇ ಹಾಕಿದೀನಿ ಅಮ್ಮಾ. ನಿಮ್ಮ ಕೊನೇ ಮಾತನ್ನೇ ಸ್ವಲ್ಪ ತಡೆದು ಮತ್ತೆ ಹೇಳುತ್ತೆ.”

ಅಕ್ಕನ ಮುಖ ಅರಳಿತು. “ಅಬ್ಬಾ, ನನ್ನ ಗಂಟಲೇ ನನಗೆ ಓಗೊಟ್ಟ ಹಾಗಿದೆ! ಇದೇ ಇರಲಿ ಬಿಡಪ್ಪಾ.”

ತಂಗಿ ಎದ್ದು, ಗಾಜಿನ ಆಚೆ ಕೇಳಿಸಲೆಂದು ಅವನ ಮುಂದಿದ್ದ ಮೈಕಿಗೆ ಬಗ್ಗಿದಳು. “ಹಾಗಾದ್ರೆ ನನ್ನನ್ಯಾಕೆ ಕರ್ಕೊಂಡು ಬಂದೆ ಅಕ್ಕಾ?”

“ಮುಖ ಊದಿಸ್ಕೋಬೇಡ್ವೇ. ನೋಡು, ಈ ಡಿಲೇಗೆ ನೆಗಡಿಯಿಲ್ಲ, ಮುನಿಸಿಲ್ಲ.”

ಮಿಕ್ಸಿಂಗಿನವನು ತಲೆ ಕೆರೆದುಕೊಂಡ. “ಒಂದು ತೊಡಕಿದೆ ಅಮ್ಮಾ. ಡಿಲೇನ ಟೆಂಪೋಗೆ ಕಟ್ಟಿದೀನಿ. ಹಾಡಿನ ವೇಗಕ್ಕೆ ಸರಿಯಾಗಿ ಬಂದುಬಿಡುತ್ತೆ. ನೀವು ಎಳೀತಾ ಇದ್ರೆ ನಿಮ್ಮ ಮಾತಿನ ಮೇಲೇ ಕೂರುತ್ತೆ. ಅದು ಯಾರಿಗೂ ಕಾಯಲ್ಲ.”

“ಅಷ್ಟೇ ತಾನೆ? ಎಳೆಯಲ್ಲ ಬಿಡು.”

ಅಕ್ಕ ಕಿವಿಗೆ ಟೆಂಪೋದ ಟಿಕ್ ಟಿಕ್ ಹಾಕಿಸಿಕೊಂಡು ಮತ್ತೆ ಹಾಡಿದಳು. ಸಾಲು ಸಾಲನ್ನೂ ದಾರ ಕತ್ತರಿಸಿದ ಹಾಗೆ ಬಿಟ್ಟಳು. ಒಮ್ಮೆ ತುಸು ಎಳೆದುಹೋದಾಗ, ಯಾರೂ ಹೇಳುವ ಮೊದಲೇ, “ತಪ್ಪು ನಂದೇ, ಇನ್ನೊಂದ್ಸಲ” ಎಂದಳು. ಆ ಮಾತು ಅವಳ ಬಾಯಲ್ಲಿ ಬಂದದ್ದನ್ನು ತಂಗಿ ಕೇಳಿದ್ದು ಅದೇ ಮೊದಲು.

ಹಾಡು ಮುಗಿಸಿ ಅಕ್ಕ ಬೆವರೊರೆಸುತ್ತ ಹೊರಗೆ ಬಂದಳು. “ಹೇಗೆ ಬಂತು?”

“ಚೆನ್ನಾಗಿ ಬಂತಕ್ಕಾ. ನಿನಗೆ ನಿಲ್ಲಿಸೋಕೆ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.”

ಚಪ್ಪಲಿ ಮೆಟ್ಟಿಕೊಂಡು ತಂಗಿ ಮೆಟ್ಟಿಲಿಳಿದು ಹೋದಳು. ಅದು ಗುರುವಾರ. ಆಮೇಲೆ ಅವಳು ಯಾರ ಹಿಂದೆಯೂ ಹಾಡಲಿಲ್ಲ. ಆವತ್ತು ಅಕ್ಕ ಬಾಗಿಲ ತನಕ ಬರಲಿಲ್ಲ. ಒಳಗೆ ಕೂತು, ತನಗೆ ತಾನೇ ಓಗೊಡುವುದನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳುತ್ತಿದ್ದಳು.