ಯಜಮಾನ್ರು ಇದ್ದಾರಾ?

ಡ್ರೈವರಮ್ಮ ತಳ್ಳಿದ ರಭಸಕ್ಕೆ ಬಾಗಿಲಿನ ಬಣ್ಣದ ಗಾಜು ಗಡಗಡ ನಡುಗಿತು.

"ಮೆಲ್ಲಗೆ ಅಕ್ಕ, ಹಳೇ ಕಾಲದ ಬಾಗಿಲು," ಎಂದಳು ಹಿಂದೆಯೇ ಬಂದ ತಂಗಿ.

"ಮುರಿದ್ರೆ ಮುರೀಲಿ! ಕೂರಿಸಿದ್ದು ನಿನ್ನ ಭಾವ ತಾನೇ? ಇನ್ನೊಂದ್ಸಲ ಕೂರಿಸ್ಲಿ. ಹೇಗೂ ಹಗಲೂ ರಾತ್ರಿ ಇಲ್ಲೇ ಬಿದ್ದಿರ್ತಾರಲ್ಲ!"

ಸಿಟಿ ಬಸ್ಸು ಓಡಿಸುವ ಹೆಂಗಸು ಅವಳು. ಅಡ್ಡ ಬಂದ ಲಾರಿಯವನ ನೀರಿಳಿಸುವ ಬಾಯಿ. ಗಂಡನೆದುರು ಮಾತ್ರ ಆ ಬಾಯಿ ಇಷ್ಟು ದಿನ ಸುಮ್ಮನಿತ್ತು, ಏಕೆಂದರೆ ಅವಳು ಅವನನ್ನು ನಂಬಿದ್ದಳು. ಗಂಡ ಬಡಗಿ. ಅಜ್ಜಂದಿರ ಕಾಲದ ಈ ಪಬ್ಬು ಹಾಳುಬಿದ್ದು, ಈಗ ದುರಸ್ತಿಯಾಗಿ ಲೆಬನಾನ್ ಊಟದ ಹೋಟೆಲಾಗಿದೆ. ಅದರ ಮರದ ಕೆಲಸವೆಲ್ಲ ಅವನದೇ. "ಮೇಲಿನ ಮಹಡಿ ಇನ್ನೂ ಬಾಕಿ ಇದೆ ಕಣೇ," ಎನ್ನುತ್ತ ವಾರದಲ್ಲಿ ಅರ್ಧ ರಾತ್ರಿಗಳನ್ನು ಅವನು ಇಲ್ಲೇ ಕಳೆಯುತ್ತಿದ್ದ. ಅವಳು ಹ್ಞೂಂ ಅನ್ನುತ್ತಿದ್ದಳು.

ನಿನ್ನೆ ಬಸ್ಸಿನಿಂದ ಇಳಿಯುತ್ತಿದ್ದ ಪ್ರಯಾಣಿಕನೊಬ್ಬ, ಗಂಡನ ಕೆಲಸದ ಮಾತು ಬಂದಾಗ, ಅಲ್ಲಿ ಊಟ ಶುರುವಾಗಿ ವರ್ಷವಾಯಿತಲ್ಲ, ಕೆಲಸ ಇನ್ನೇನು ಉಳಿದಿದೆ ಎಂದುಬಿಟ್ಟ. ಕೂಡಲೇ ಹೋಟೆಲಿಗೆ ಫೋನು ಮಾಡಿ, ಬಡಗಿ ಇದ್ದಾರಾ ಎಂದು ಕೇಳಿದಳು. ಎತ್ತಿದ್ದು ಹೆಣ್ಣು ದನಿ.

"ನಮ್ಮ ಯಜಮಾನ್ರು ಸ್ವಲ್ಪ ಹೊರಗೆ ಹೋಗಿದ್ದಾರೆ. ಏನಾಗ್ಬೇಕಿತ್ತು?"

ನಮ್ಮ ಯಜಮಾನ್ರು! ತನ್ನ ಗಂಡನನ್ನು ಅಕ್ಕಪಕ್ಕದವರ ಮುಂದೆ ತಾನು ಹಾಗನ್ನುವುದು. ಇನ್ನೊಬ್ಬಳ ಬಾಯಲ್ಲಿ ಅದನ್ನು ಕೇಳಿದಾಗಿನಿಂದ ಅವಳ ಮೈ ಉರಿಯುತ್ತಿತ್ತು. ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ.

"ಇವತ್ತು ತೀರ್ಮಾನ ಆಗ್ಲೇಬೇಕು," ಎಂದಳು ತಂಗಿಗೆ. "ಒಂದೋ ಅವರು ಮನೆಗೆ ಬರ್ತಾರೆ, ಇಲ್ಲಾ ಅವರ ಪೆಟ್ಟಿಗೆ ಬೀದಿಗೆ ಬರುತ್ತೆ."

ಪಬ್ಬಿನ ಹಳೆಯ ಉದ್ದನೆಯ ಕೌಂಟರು ಹೊಸ ಪಾಲಿಶಿನಲ್ಲಿ ಹೊಳೆಯುತ್ತಿತ್ತು. ಅದರ ಹಿಂದೆ ಲಕ್ಷಣವಾದ ಹುಡುಗಿ. ಡ್ರೈವರಮ್ಮನಿಗೆ ಆ ಲಕ್ಷಣ ಕಂಡೇ ಇನ್ನಷ್ಟು ಸಿಟ್ಟು ಬಂತು.

"ಯಜಮಾನ್ರು ಇದ್ದಾರಾ?"

"ನಮ್ಮ ಯಜಮಾನ್ರಾ? ಮೇಲಿದ್ದಾರೆ. ಕೂತ್ಕೊಳ್ಳಿ ಮೇಡಂ, ಕರೀತೀನಿ," ಎಂದು ಹುಡುಗಿ ನಕ್ಕಳು.

ಡ್ರೈವರಮ್ಮ ಕೈ ಎತ್ತುವಷ್ಟರಲ್ಲಿ ತಂಗಿ ಅವಳನ್ನು ಎಳೆದುಕೊಂಡು ಹೋಗಿ ಮೂಲೆಯ ಬೆಂಚಿನಲ್ಲಿ ಕೂರಿಸಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಕಿಸಕ್ಕನೆ ನಕ್ಕಳು.

"ನಿನಗೆ ನಗು ಬೇರೆ!"

"ಅಯ್ಯೋ ಅಕ್ಕ, ಹೋಟೆಲ್ ಕೌಂಟರಲ್ಲಿ ಕೂತೋಳು ಯಜಮಾನ್ರು ಅಂದ್ರೆ ಓನರ್ ಅಂತ ಅಲ್ವೇನೇ? ನಾನು ಕೆಲಸಕ್ಕೆ ಹೋಗೋ ಔಷಧಿ ಅಂಗಡೀಲಿ ನಾನೂ ಹಾಗೇ ಅನ್ನೋದು. ಹಾಗಂತ ಆ ಬೋಳುತಲೆ ಮುದುಕ ನನ್ನ ಗಂಡನಾ?"

ಡ್ರೈವರಮ್ಮ ಕೌಂಟರಿನ ಕಡೆ ತಿರುಗಿ ನೋಡಿದಳು. ಅಷ್ಟರಲ್ಲಿ ಗಂಡ ಮೆಟ್ಟಿಲಿಳಿದು ಬಂದ. ಹೆಂಡತಿಯನ್ನು ಕಂಡವನೇ ನಿಂತಲ್ಲೇ ನಿಂತ.

"ಏನ್ ಭಾವ," ತಂಗಿ ಕೂಗಿದಳು, "ಹೋಟೆಲಿಗೆ ಓನರ್ ಆಗಿದ್ದೀರಿ, ಕಟ್ಕೊಂಡೋಳಿಗೇ ಹೇಳಿಲ್ಲ!"

ಅವನು ನಾದಿನಿಯನ್ನು ನೋಡಿದ, ಖಾಲಿ ಕೌಂಟರನ್ನು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ.

"ಗೊತ್ತಾಗೇ ಹೋಯ್ತಾ?" ಎಂದ. "ಕೆಲಸ ಮಾಡ್ತಾ ಮಾಡ್ತಾ ಪಾಲುದಾರನಾದೆ. ಮೆಲ್ಲಗೆ ಮಾತಾಡಿ, ಜನ ಊಟ ಮಾಡ್ತಿದ್ದಾರೆ."

"ಹೇಳೋಕೆ ನಾಲಿಗೆ ಬಿದ್ದೋಗಿತ್ತಾ? ನಾನೇನು ಬೇಡ ಅಂತಿದ್ನಾ? ನಿನ್ನೆಯಿಂದ ಒಂದು ತುತ್ತು ತಿಂದಿಲ್ಲ ನಾನು, ಗೊತ್ತಾ ನಿಮಗೆ!" ಬೈಯುತ್ತ ಬೈಯುತ್ತ ಅವಳ ಕಣ್ಣು ತುಂಬಿತು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ.

ಬಿಸಿ ರೊಟ್ಟಿ, ಕಾಬೂಲಿ ಕಡಲೆ ಅರೆದ ಹಮ್ಮಸ್, ಕೆಂಡದ ಮೇಲೆ ಸುಟ್ಟ ಮಾಂಸ ಬಂದವು. ಹೊತ್ತು ತಂದವಳು ಕೌಂಟರಿನ ಹುಡುಗಿಯೇ.

"ಹೊಟ್ಟೆ ತುಂಬಾ ತಿನ್ನಿ. ನಮ್ಮ ಯಜಮಾನ್ರ ಕಡೆಯವರು ಅಂದ್ರೆ ನಮಗೂ ಬೇಕಾದವರೇ."

"ನೋಡಿದ್ಯಾ, ಎಷ್ಟು ಮರ್ಯಾದೆ!" ಎಂದು ತಂಗಿ ಅಕ್ಕನ ಪಕ್ಕೆ ತಿವಿದಳು. ಒಳಗೆ ಏನೋ ನೋಡಬೇಕಿದೆ ಎಂದು ಗಂಡ ಎದ್ದು ಹೋದ.

ಡ್ರೈವರಮ್ಮ ರೊಟ್ಟಿ ಹರಿದು ಹಮ್ಮಸಿನಲ್ಲಿ ಅದ್ದಿ ಬಾಯಿಗಿಟ್ಟಳು. ಹಸಿವು ಈಗ ತಿಳಿಯಿತು. ಸಿಟ್ಟು ಇನ್ನೂ ಇತ್ತು, ಆದರೆ ಅದೆಲ್ಲ ತನ್ನ ಮೇಲೆಯೇ ತಿರುಗಿತ್ತು.

"ಥೂ, ಎಂಥಾ ಪಾಪಿ ನಾನು. ಅವರ ಬಗ್ಗೆ ಏನೆಲ್ಲ ಅಂದ್ಕೊಂಡ್ಬಿಟ್ಟೆ! ಆ ಹುಡುಗಿಗೆ ಹೊಡೆಯೋಕೇ ಹೋಗಿದ್ನಲ್ಲೇ."

ಅಡುಗೆಮನೆಯಿಂದ ಬಂದ ಮುದುಕಿಯೊಬ್ಬಳು, ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಮೇಜಿನಿಂದ ಮೇಜಿಗೆ ವಿಚಾರಿಸುತ್ತಿದ್ದಳು. ಇವರ ಬಳಿಗೂ ಬಂದಳು.

"ಊಟ ಹೇಗಿದೆ ಮಗಳೇ?"

"ಊಟ ಚೆನ್ನಾಗಿದೆ ಅಜ್ಜಿ. ಆದ್ರೆ ಈ ಮರದ ಕೆಲಸ ನೋಡಿ, ಅದಕ್ಕೆ ಸಾಟಿನೇ ಇಲ್ಲ!" ಡ್ರೈವರಮ್ಮನಿಗೆ ಹೆಮ್ಮೆ ತಡೆಯಲಾಗಲಿಲ್ಲ.

"ಅದನ್ನ ನನಗ್ಯಾಕೆ ಹೇಳ್ತೀಯಮ್ಮ? ನಾನು ಈ ಹೋಟೆಲಿಗೆ ಮಾತ್ರ ಓನರು, ಅದೂ ಒಬ್ಬಳೇ," ಮುದುಕಿ ನಕ್ಕಳು. "ಮರದ ಕೆಲಸ ಹೊಗಳೋದಾದ್ರೆ ಆ ಕೌಂಟರ್ ಹುಡುಗಿ ಹತ್ರ ಹೊಗಳು, ಅವಳ ಗಂಡನೇ ಮಾಡಿದ್ದು."