ಎರಡನೇ ಅಂಕದ ಗಂಡ

“ಆ ಫೋನು ಇನ್ನೊಂದು ಸಲ ಕೂಗಿದರೆ ತಗೊಂಡು ನಿನ್ನ ಬಾಯಿಗೇ ತುರುಕ್ತೀನಿ, ನೋಡ್ತಿರು!”

ನೋರೀನ್ ಹೀಗೆ ಕಿರುಚಿದ್ದು ಬ್ರಾಡ್‌ವೇ ನಾಟಕಶಾಲೆಯೊಂದರ ಮೊಗಸಾಲೆಯಲ್ಲಿ, ಭಾನುವಾರ ಮಧ್ಯಾಹ್ನದ ಆಟದ ವಿರಾಮದ ಹೊತ್ತಿನಲ್ಲಿ. ವೈನ್ ಲೋಟ ಹಿಡಿದು ನಿಂತವರೆಲ್ಲ ತಿರುಗಿ ನೋಡಿದರು. ನೋಡಲಿ ಅಂದುಕೊಂಡಳು.

“ಕೂಗಿದ್ದು ಅರ್ಧ ನಿಮಿಷ ಕಣೇ. ಅಷ್ಟಕ್ಕೆ ಆಕಾಶ ಕಳಚಿ ಬಿತ್ತಾ?” ಅಂದ ಅವಳ ಗಂಡ ಗಸ್.

“ರಂಗದ ಮೇಲೆ ಹ್ಯಾರಿಯೆಟ್ ಲೂಮ್ ತನ್ನ ಸತ್ತ ಮಗನ ಕಾಗದ ಓದ್ತಾ ಇದ್ದಳು! ಓದೋದು ನಿಲ್ಲಿಸಿ ನಿನ್ನ ಕಡೆ ನೋಡಿದಳು. ಎಂಬತ್ತೊಂದು ವರ್ಷದ ಮುದುಕಿ! ಇಡೀ ನಾಟಕಶಾಲೆ ನಿನ್ನ ಕಡೆ ನೋಡ್ತು!”

“ಒಂದು ಕಾಗದ ಓದೋಕೆ ಕಾಲು ಗಂಟೆ. ನಮ್ಮ ಬೀದಿ ಪೋಸ್ಟ್‌ಮ್ಯಾನ್ ಕೇಳಿದ್ರೆ ಬಿದ್ದು ಬಿದ್ದು ನಗ್ತಾನೆ. ಪಾಪ, ರೂಡಿ ಫೋನ್ ಮಾಡಿದ್ದು ಮ್ಯಾಚಿನ ಸ್ಕೋರು ಹೇಳೋಕೆ. ಅವನದೇನು ತಪ್ಪು?”

ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಗಸ್ ನಾಟಕಕ್ಕೆ ಬಂದದ್ದು ಇದೇ ಮೊದಲು. ಹ್ಯಾರಿಯೆಟ್ ಲೂಮ್ ಆಡಿದ ನಾಟಕಗಳನ್ನೆಲ್ಲ ನೋರೀನ್ ಒಬ್ಬಳೇ ನೋಡಿದ್ದಳು; ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ಬಟ್ಟೆ ಬದಲಿಸಿ, ನೀರಿನಾಚೆಯ ದಡದಿಂದ ದೋಣಿ ಹತ್ತಿ ಓಡಿಬಂದು ನೋಡಿದ್ದಳು. ಇವತ್ತಿನದು ಆ ನಟಿಯ ಕೊನೆಯ ಆಟ. ನಾಳೆಯಿಂದ ರಂಗ ಹತ್ತುವುದಿಲ್ಲ ಎಂದು ಅವಳೇ ಹೇಳಿಬಿಟ್ಟಿದ್ದಳು. ಇದೊಂದನ್ನಾದರೂ ಪಕ್ಕದಲ್ಲಿ ಕೂತು ನೋಡು ಎಂದು ನೋರೀನ್ ಗಂಡನನ್ನು ಕಾಡಿ ಬೇಡಿ ಕರೆತಂದಿದ್ದಳು. ತಪ್ಪು ಅವಳದೇ.

“ನಡಿ, ಮನೆಗೆ ಹೋಗೋಣ. ಮುಂದಿನ ದೋಣಿ ಸಿಗುತ್ತೆ,” ಅಂದ ಗಸ್.

“ಇನ್ನೊಂದು ಅಂಕ ಇದೆ.”

“ನಾನು ಹೋದ್ರೆ ಹೋದಂಗೇ. ಆಮೇಲೆ ಅಳಬೇಡ.”

“ಹೋಗು. ಇನ್ನೂ ಯಾಕೆ ನಿಂತಿದ್ದೀಯ?”

ಅವನು ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಎದುರಾದವರನ್ನು ಭುಜದಿಂದ ತಳ್ಳುತ್ತ ಹೊರಟ. ನೋರೀನ್ ಬಂದು ತನ್ನ ಜಾಗದಲ್ಲಿ ಕೂತಳು. ಸಿಗರೇಟು ಸೇದಲು ಹೊರಗೆ ಹೋಗಿದ್ದವರ ಗುಂಪು ಒಳಗೆ ಬಂತು. ಆ ಗುಂಪಿನಲ್ಲಿ ಒಬ್ಬ ಸಣಕಲು ಮುದುಕ. ಜನವರಿ ತಿಂಗಳು, ಮೈಮೇಲೆ ಕೋಟಿಲ್ಲ, ಕಿವಿ ಕೆಂಪಾಗಿದೆ. ಖಾಲಿ ಸೀಟು ಹುಡುಕುತ್ತ, ಹುಡುಕದವನ ಹಾಗೆ ನಡೆಯುತ್ತಿದ್ದ. ನೋರೀನ್‌ಗೆ ಥಟ್ಟನೆ ಗೊತ್ತಾಯಿತು. ಹದಿನೇಳನೇ ವಯಸ್ಸಿನಲ್ಲಿ ಅವಳೂ ಹೀಗೇ ಕೋಟು ಎಲ್ಲೋ ಬಿಟ್ಟು, ಅದನ್ನು ಸೀಟಿನಲ್ಲೇ ಇಟ್ಟು ಸೇದಲು ಹೋಗಿ ಬಂದವಳಂತೆ ನಟಿಸಿ, ವಿರಾಮದ ಗುಂಪಿನೊಂದಿಗೆ ಟಿಕೆಟ್ ಇಲ್ಲದೆ ಒಳಗೆ ನುಸುಳಿದ್ದಳು. ಹ್ಯಾರಿಯೆಟ್ ಲೂಮ್‌ಳನ್ನು ಅವಳು ಮೊದಲು ಕಂಡದ್ದು ಎರಡನೇ ಅಂಕದಲ್ಲೇ.

“ಇಲ್ಲಿ ಕೂತ್ಕೊಳ್ಳಿ,” ಅಂದಳು. “ಕೋಟು ಎಲ್ಲಿ ಬಿಟ್ಟು ಬಂದ್ರಿ?”

ಮುದುಕ ಹೆದರಿದ. “ಎದುರು ಕಾಫಿ ಅಂಗಡೀಲಿ, ತಾಯಿ,” ಎಂದು ಸತ್ಯ ಹೇಳಿಬಿಟ್ಟ. ಕೂತು, ಉಸಿರು ಹಿಡಿತಕ್ಕೆ ಬಂದ ಮೇಲೆ ಮೆಲ್ಲಗೆ ಕೇಳಿದ: “ಮೊದಲನೇ ಅಂಕದಲ್ಲಿ ಏನಾಯ್ತು?”

“ಮಗ ಸತ್ತ. ಅವನು ಬರೆದ ಕಾಗದ ಓದ್ತಾಳೆ.”

“ಹೇಗೆ ಓದಿದಳು?”

“ಕನ್ನಡಕ ತೆಗೆದಿಟ್ಟು.”

“ಹಾಗಾದ್ರೆ ಅವಳಿಗೆ ಅದು ಬಾಯಿಪಾಠ ಆಗಿಹೋಗಿದೆ,” ಅಂದ ಮುದುಕ.

ನೋರೀನ್‌ಗೂ ಅದೇ ಹೊಳೆದಿತ್ತು. ಹೊಳೆದ ಕ್ಷಣಕ್ಕೇ ಫೋನು ಕೂಗಿತ್ತು.

ಟಾರ್ಚ್ ಹಿಡಿದು ಸೀಟು ತೋರಿಸುವ ಹೆಂಗಸು ಬಂದು ಮುದುಕನ ಮುಖದ ಮೇಲೆ ಬೆಳಕು ಬಿಟ್ಟಳು. “ಸರ್, ನಿಮ್ಮ ಟಿಕೆಟ್?”

“ನಮ್ಮ ಯಜಮಾನರು,” ಅಂದಳು ನೋರೀನ್, ಚೀಲದಿಂದ ಎರಡೂ ಟಿಕೆಟ್ ತೆಗೆದು ತೋರಿಸುತ್ತ.

ಅಷ್ಟರಲ್ಲಿ ಹೊರಗಿನ ಗಾಳಿ ಮುಖಕ್ಕೆ ಹೊಡೆದು ಬುದ್ಧಿ ಬಂತೋ, ಟೀವಿ ಇರುವ ಬಾರಿನಲ್ಲಿ ಜಾಗ ಸಿಗಲಿಲ್ಲವೋ, ಗಸ್ ದಡದಡ ಬಂದು ಸಾಲಿನ ತುದಿಯಲ್ಲಿ ನಿಂತ.

“ಏಯ್, ಏಳಯ್ಯಾ ಮೇಲೆ! ಅದು ನನ್ನ ಸೀಟು!”

“ಟಿಕೆಟ್ ತೋರಿಸಿ,” ಅಂದಳು ಟಾರ್ಚಿನವಳು.

“ಅವಳ ಹತ್ರ ಇದೆ. ನಾನು ಅವಳ ಗಂಡ.”

ಟಾರ್ಚಿನ ಬೆಳಕು ಗಸ್‌ನಿಂದ ಮುದುಕನಿಗೆ, ಮುದುಕನಿಂದ ನೋರೀನ್‌ಗೆ ಹರಿಯಿತು. ಮುದುಕ ಏಳಲು ಹೋದ. ನೋರೀನ್ ಅವನ ಮಣಿಕಟ್ಟು ಹಿಡಿದು ಕೂರಿಸಿದಳು.

“ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ,” ಅಂದಳು, ಹಿಂದಿನ ಮುಂದಿನ ಸಾಲಿಗೆಲ್ಲ ಕೇಳುವ ಹಾಗೆ. “ಆದ್ರೆ ಆಗ ಫೋನು ಕೂಗಿಸಿದ್ದು ಇವನೇ.”

“ಇವನೇನಾ ಆ ದರಿದ್ರದವನು?” ಎಂದಿತು ಹಿಂದಿನಿಂದ ಒಂದು ದನಿ. “ಆಚೆ ಹಾಕ್ರೀ ಮೊದಲು,” ಎಂದಿತು ಇನ್ನೊಂದು.

“ನೋರೀನ್!” ಅಂದ ಗಸ್. ಅಂಥ ಸಣ್ಣ ದನಿಯಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದೇ ಇಲ್ಲ. ಅವಳು ಮುಖ ತಿರುಗಿಸಲಿಲ್ಲ.

ದೀಪಗಳು ಆರಿದವು. ಟಾರ್ಚಿನ ಬೆಳಕು ಅವನ ಬೆನ್ನ ಹಿಂದೆಯೇ ಹೋಗಿ, ಬಾಗಿಲ ತನಕ ಬಿಟ್ಟು ಬಂತು. ಹೋದವನು ಆಮೇಲೆ ಬರಲಿಲ್ಲ. ಅವತ್ತು ಮನೆಗೂ ಬರಲಿಲ್ಲ, ಮರುದಿನವೂ ಬರಲಿಲ್ಲ.

“ತಾಯಿ, ಅವರು ನಿಜವಾಗ್ಲೂ ನಿಮ್ಮ…” ಎಂದು ಮುದುಕ ಕತ್ತಲಲ್ಲಿ ಪಿಸುಗುಟ್ಟಿದ.

“ಬಾಯಿ ಮುಚ್ಚಿ,” ಅಂದಳು ನೋರೀನ್. “ಅವಳು ಬರ್ತಾ ಇದ್ದಾಳೆ.”